ರೂಬೆನ್ ವಾಸ್ ಅವರ ಕಂದು ಕೋಟು

ಮೊದಲು ನಾನು ಕೇಳಲು ಹೋಗಿದ್ದು ಕೋಳಿಯ ವಿಚಾರ.

ಏಪ್ರಿಲ್ ತಿಂಗಳು. ಗುಡ್ಡದ ಮೇಲೆ ಊರವರು ಬಾಡಿಗೆಗೆ ಹಿಡಿದು ತರಕಾರಿ ಬೆಳೆಯುವ ತುಂಡುತೋಟಗಳ ನಡುವಿನ ಓಣಿಯಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಏರುತ್ತಿದ್ದೆ. ಎರಡೂ ಕಡೆ ತಲೆಗಿಂತ ಎತ್ತರದ ಮುಳ್ಳುಬೇಲಿ. ಆಗಷ್ಟೇ ಚಿಗುರಿದ್ದರಿಂದ ಬೆಳಕು ಹಸಿರು ಬಟ್ಟೆಯಲ್ಲಿ ಸೋಸಿದ ಹಾಗೆ ಬೀಳುತ್ತಿತ್ತು. ಕೆಳಗೆ ನಾಟಿಂಗ್‌ಹ್ಯಾಮ್ ಊರಿಗೆ ಊರೇ ಮಂಜು, ಹೊಗೆಯೊಳಗೆ ಮುಳುಗಿತ್ತು. ಚಿಮಣಿಗಳ ತುದಿಗಳು ಮಾತ್ರ ಕಾಣುತ್ತಿದ್ದವು. ನಾನು ಅರೆನಿದ್ದೆಯಲ್ಲಿದ್ದೆ. ಆ ವರ್ಷವಿಡೀ ಅರೆನಿದ್ದೆಯಲ್ಲೇ ಇದ್ದೆ ಅನ್ನಿ. ನನ್ನ ಲಿನೆಟ್‌ಗೆ ಐದು ತಿಂಗಳು. ನನ್ನ ಎದೆಹಾಲು ಬತ್ತಿಹೋಗಿತ್ತು. ಹಸುವಿನ ಹಾಲು ಕುಡಿದರೆ ಕಾರಿಕೊಳ್ಳುತ್ತಿದ್ದಳು, ಡಬ್ಬಿಯ ಪುಡಿ ಹಾಲು ಕೊಟ್ಟರೆ ಮೈತುಂಬ ಕೆಂಪು ದದ್ದು ಏಳುತ್ತಿತ್ತು. ತೂಕದ ತಕ್ಕಡಿಯ ಮುಂದೆ ನರ್ಸು ಮುಖ ಸಪ್ಪಗೆ ಮಾಡಿದರೆ ನನಗೆ ಮೂರು ದಿನ ಊಟ ಸೇರುತ್ತಿರಲಿಲ್ಲ. "ಮೇಕೆ ಹಾಲು ಸಿಕ್ಕರೆ ಕೊಟ್ಟು ನೋಡಿ" ಅಂದಿದ್ದರು ಡಾಕ್ಟರು, ಮೇಕೆಗಳು ನಮ್ಮ ಬೀದಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿರುತ್ತವೆ ಅನ್ನುವ ಹಾಗೆ.

ನನ್ನ ಗಂಡ ಡೆನಿಸ್‌ಗೆ ಅವನ ಚಿಕ್ಕಪ್ಪ ಬಿಟ್ಟುಕೊಟ್ಟ ತೋಟವೊಂದಿತ್ತು. ಅವನು ಸೈಕಲ್ ಕಾರ್ಖಾನೆಯಿಂದ ಬಂದು ಆಲೂಗಡ್ಡೆ ಹಾಕುತ್ತಿದ್ದ, ಅಷ್ಟೆ. ಅಲ್ಲೊಂದು ಪ್ರಾಣಿ ಸಾಕೋಣ ಅಂದೆ. ಆಗಲಿ ಅಂದ. ಯಾವುದು ಅಂತ ಅವನಿಗೂ ತಿಳಿಯದು, ನನಗೂ ತಿಳಿಯದು. ಪಕ್ಕದ ತೋಟದ ಮುದುಕರನ್ನು ಕೇಳು ಅಂದ.

ರೂಬೆನ್ ವಾಸ್ ಬೇಲಿಯ ಬಾಗಿಲಲ್ಲಿ ಬಕೆಟ್ ಬೋರಲು ಹಾಕಿ ಕೂತು ಪೈಪು ಸೇದುತ್ತಿದ್ದರು. ಮೊಣಕಾಲಿನವರೆಗಿನ ಕೋಟು, ಯಾವ ಬಣ್ಣದ್ದೆಂದು ಹೇಳುವುದು ಕಷ್ಟ, ಒಲೆಯ ಕಪ್ಪಿನ ಹಾಗೆ ಮಿರುಗುತ್ತಿತ್ತು.

"ಮಿಸ್ಟರ್ ವಾಸ್, ಕೋಳಿ ಸಾಕೋದು ಕಷ್ಟಾನಾ?"

ಅವರು ನನ್ನ ಬಾಯಿಯನ್ನೇ ನೋಡಿದರು. "ಇನ್ನೊಂದ್ಸಲ ಹೇಳು ಬಾತು. ಕೂಗಬೇಡ, ಬಾಯಿ ಅಗಲ ಮಾಡು ಸಾಕು."

ನಮ್ಮೂರಲ್ಲಿ ಬಸ್ ಕಂಡಕ್ಟರನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಯಾರನ್ನು ಬೇಕಾದರೂ ಪ್ರೀತಿಗೆ ಬಾತು, ಬಾತುಕೋಳಿ ಅನ್ನುತ್ತಾರೆ, ಅದರಲ್ಲಿ ವಿಶೇಷವಿಲ್ಲ. ವಿಶೇಷವೆಂದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ; ನನಗೆ ಅದು ಗೊತ್ತಾದದ್ದು ಆಗಲೇ. ಇನ್ನೊಮ್ಮೆ ಹೇಳಿದೆ.

"ಕೋಳಿನಾ? ಇಲ್ಲಿ ನರಿ ಇದೆ. ನೀನು ಸಾಕೋದು ಕೋಳೀನಲ್ಲ, ನರೀನ."

"ಹಾಗಾದ್ರೆ ಮೊಲ?"

"ಹೆಸರಿಡ್ತೀಯ. ಮುಖ ನೋಡಿದ್ರೇ ಗೊತ್ತಾಗತ್ತೆ, ನೀನು ಹೆಸರಿಡೋಳು. ಆಮೇಲೆ ಬಾಣಲೆಗೆ ಹಾಕೋಕೆ ಡೆನಿಸ್ ಬರ್ತಾನಾ? ಅವನು ಬಸವನಹುಳೂನೂ ಎತ್ತಿ ನನ್ನ ತೋಟಕ್ಕೆ ಎಸೀತಾನೆ, ಕೊಲ್ಲಲ್ಲ."

ಗಾಡಿಯೊಳಗೆ ಲಿನೆಟ್ ಅಳಲು ಶುರು ಮಾಡಿದಳು, ದದ್ದಿನ ಕೆನ್ನೆಯನ್ನು ಹೊದಿಕೆಗೆ ಉಜ್ಜುತ್ತಾ. ಮುದುಕರು ಬಗ್ಗಿ ನೋಡಿದರು. "ಇದಕ್ಕೇನು ಬೇಕು?" ಅಂದರು. ಅಪರಿಚಿತರ ಮುಂದೆ ಹೀಗೆಲ್ಲ ಮಾಡಬಾರದೆಂದು ಶಾಲೆಯಲ್ಲಿ ಕಲಿತವಳು ನಾನು. ಆದರೂ ಎಲ್ಲ ಹೇಳಿಬಿಟ್ಟೆ. ಬಾಯಿ ಅಗಲ ಮಾಡಿಕೊಂಡು, ಅಳುತ್ತಾ.

"ಅಲ್ವೇ, ಹಾಲು ಬೇಕಾದೋಳು ಕೋಳಿ ಕೇಳ್ತಿದೀಯಲ್ಲೇ!"

"ಗೇಟಿನ ಬೋರ್ಡಲ್ಲಿ ಕೋಳಿ, ಮೊಲ ಮಾತ್ರ ಅಂತ ಬರ್ದಿದೆ, ಮಿಸ್ಟರ್ ವಾಸ್."

ಅವರು ಪೈಪು ಕೆಳಗಿಟ್ಟು ಎದ್ದರು. "ಓದಿದೋರ ಕಷ್ಟ ನೋಡು" ಅಂದು ಬೇಲಿಯ ಬಾಗಿಲು ತೆಗೆದರು.

ಒಳಗೆ ಇಟ್ಟಿಗೆಯ ಪುಟ್ಟ ಕೋಣೆ, ಮುಂದೆ ಒಂದು ಪೇರು ಹಣ್ಣಿನ ಮರ. ಮರದಡಿ ಬಿಳಿ ಮೇಕೆ ಹಿಂಗಾಲಲ್ಲಿ ನಿಂತು ಬೇಲಿಯ ಚಿಗುರನ್ನು ಒಂದೇ ಎತ್ತರಕ್ಕೆ, ಅಳತೆಪಟ್ಟಿ ಹಿಡಿದ ಹಾಗೆ, ಕತ್ತರಿಸುತ್ತಿತ್ತು. ಹೆಸರು ಟಿಲ್ಡಾ. ನಮ್ಮ ತೋಟಗಳ ಮುಖ್ಯ ನಿಯಮವೆಂದರೆ ಬೇಲಿ ಇಷ್ಟೇ ಎತ್ತರ ಇರಬೇಕು, ಇಲ್ಲದಿದ್ದರೆ ತೋಟ ಹೋಯಿತು. ಮುದುಕರ ತೋಳಿಗೆ ಕತ್ತರಿ ಹಿಡಿಯುವ ಶಕ್ತಿ ಇರಲಿಲ್ಲ. ತೋಟಗಾರರ ಸಂಘದ ಕಾರ್ಯದರ್ಶಿ ಪರ್ಸಿ ಟಾನ್ಸ್ಲಿ ತಪಾಸಣೆಗೆ ಬಂದಾಗ ಟಿಲ್ಡಾಳನ್ನು ಮೇಲಿಂದ ಕೆಳಗೆ ನೋಡಿ, "ಮೇಕೆನಾ? ನನಗೆ ಕಾಣ್ತಿರೋದು ಬೇಲಿ ಕತ್ತರಿ" ಅಂದು ಹೋಗಿದ್ದನಂತೆ.

ಆ ಸಂಜೆ ಒಂದು ಬಾಟಲಿ ಹಾಲು ಮನೆಗೆ ಬಂತು. ಮೂರು ಸಲ ಕುದಿಸಿದೆ. ಕುದಿಸಿದ್ದನ್ನು ಸೋಸಿ ಇನ್ನೊಮ್ಮೆ ಕುದಿಸಿದೆ. ಲಿನೆಟ್ ಕುಡಿದಳು, ಮಲಗಿದಳು. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಹತ್ತು ಸಲ ಮೂಗಿನ ಹತ್ತಿರ ಕೈಯಿಟ್ಟು ನೋಡಿದೆ. ಉಸಿರಾಡುತ್ತಿದ್ದಳು. ಬೇಸಿಗೆ ಬರುವ ಹೊತ್ತಿಗೆ ಕೆನ್ನೆ ತಿಳಿಯಾಯಿತು, ನರ್ಸು ತಕ್ಕಡಿಯ ಮುಂದೆ ನಕ್ಕಳು.

ಹೀಗೆ ನಾನು ದಿನಾ ಅಲ್ಲಿಗೆ ಹೋಗತೊಡಗಿದೆ. ಆ ತೋಟದಲ್ಲಿ ಕಾಲ ಬೇರೆ ರೀತಿ ನಡೆಯುತ್ತಿತ್ತು. ಮಾತು ಕಡಿಮೆ. ಮುದುಕರು ಹದಿಮೂರನೆಯ ವಯಸ್ಸಿಗೆ ಲೇಸ್ ಕಾರ್ಖಾನೆ ಸೇರಿದವರು. ಮನೆಯಷ್ಟು ದೊಡ್ಡ ಯಂತ್ರ, ಅದರಲ್ಲಿ ಸಾವಿರಾರು ದಾರದ ಸುರುಳಿಗಳು ಹಿಂದೆಮುಂದೆ ಓಡಬೇಕು. ಅವು ಸಲೀಸಾಗಿ ಓಡಲೆಂದು ಕಪ್ಪು ಸೀಸದ ಪುಡಿ ಹಾಕುತ್ತಾರೆ, ಪೆನ್ಸಿಲ್ಲಿನೊಳಗೆ ಇರುವುದೇ. ಐವತ್ತೆರಡು ವರ್ಷ ಮೈಯೆಲ್ಲ ಕಪ್ಪು ಮಾಡಿಕೊಂಡು ಮದುವಣಗಿತ್ತಿಯರ ಬಿಳಿ ಮುಸುಕು ನೇಯ್ದರು. ಗದ್ದಲದಲ್ಲಿ ಕಿವಿ ಹೋಯಿತು. ಅಲ್ಲಿ ಎಲ್ಲರೂ ಬಾಯಿ ಮಾತ್ರ ಆಡಿಸಿ ಮಾತಾಡುವುದು. ಯಂತ್ರದ ಆ ಕಡೆಯವನ ಜೋಕಿಗೆ ಈ ಕಡೆಯವನು ನಗುತ್ತಿದ್ದನಂತೆ. ಹೆಂಡತಿ ಏಡಾ ಮನೆಬಾಗಿಲಲ್ಲಿ ಕೂತು ಅದೇ ಲೇಸಿನ ಪಟ್ಟಿಗಳ ನಡುವಿನ ಎಳೆ ಬಿಡಿಸುವ ಕೆಲಸ ಮಾಡುತ್ತಿದ್ದವಳು. ಮಕ್ಕಳಾಗಲಿಲ್ಲ. ಏಡಾ ತೀರಿಕೊಂಡು ಎಂಟು ವರ್ಷ.

"ಅವಳು ಹೋದಮೇಲೆ ಒಂದು ಪ್ರಾಣಿ ಬೇಕು ಅನ್ನಿಸ್ತು" ಅಂದಿದ್ದರು ಒಮ್ಮೆ. "ಪಾರಿವಾಳ ನೋಡ್ದೆ, ಹಾರಿಹೋಗತ್ತೆ. ಜೇನು ನೋಡ್ದೆ, ಅದಕ್ಕೆ ನಾನು ಯಾರಾದ್ರೇನು. ಈ ಮುಂಡೇದು ಮಾತ್ರ, ನಾನು ಹತ್ತು ನಿಮಿಷ ತಡ ಮಾಡಿದ್ರೆ ಬೈಯತ್ತೆ. ಕಿವಿ ಕೇಳಲ್ಲ ನನಗೆ, ಆದ್ರೂ ಬೈತಿದೆ ಅಂತ ಗೊತ್ತಾಗತ್ತೆ. ಆ ಮುಖ ನೋಡು."

ಹಾಲು ಕರೆಯುವಾಗ ಅವರು ತಗಡಿನ ಬಕೆಟ್ಟನ್ನು ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಹಾಲಿನ ಧಾರೆ ತಗಡಿಗೆ ಬಡಿದು ಹಾಡುವುದು ಕಿವಿಗೆ ಕೇಳದಿದ್ದರೂ ಮೊಣಕಾಲಿಗೆ ತಿಳಿಯುತ್ತದಂತೆ. ನಾನು ಕಲಿಯುವಾಗಲೂ ಹೊರಗಿನಿಂದ ಬಕೆಟ್ಟಿಗೆ ಬೆರಳು ತಾಗಿಸಿ, "ಹ್ಞಾಂ, ಬಂತು" ಎನ್ನುತ್ತಿದ್ದರು. ಆದರೆ ಒಂದು ಷರತ್ತಿತ್ತು. ನಾನು ಅವರ ಕೋಟು ಹಾಕಿಕೊಳ್ಳಬೇಕು. ಟಿಲ್ಡಾ ಹಾಲು ಬಿಡುತ್ತಿದ್ದದ್ದು ಆ ಕೋಟಿಗೆ. ಅದರ ವಾಸನೆಯೋ, ಕಾರ್ಖಾನೆಯ ಸೀಸದ ಪುಡಿ, ತಂಬಾಕು, ಹುಲ್ಲು, ಕೊಳೆತ ಪೇರು, ಹಳೆಯ ಬೆವರು. ನಾನು ಬಾಯಲ್ಲೇ ಉಸಿರಾಡುತ್ತಾ ತೋಳು ತೂರಿಸುತ್ತಿದ್ದೆ. ಟಿಲ್ಡಾ ಮೂಸುತ್ತಿದ್ದಳು, ಕಣ್ಣು ಅರೆ ಮುಚ್ಚುತ್ತಿದ್ದಳು, ನನ್ನ ಭುಜಕ್ಕೆ ಒರಗುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಮುದುಕರ ಹರ್ನಿಯಾ ಜೋರಾಯಿತು. ಆಪರೇಷನ್, ಆಸ್ಪತ್ರೆಯಲ್ಲಿ ಹತ್ತು ದಿನ.

"ಬೆಳಗ್ಗೆ, ಸಂಜೆ, ಎರಡು ಹೊತ್ತು ಕರೀಬೇಕು. ಕೋಟು ಇಲ್ಲೇ ಮೊಳೆಗೆ ನೇತು ಹಾಕಿರ್ತೀನಿ. ನಾನೇ ಬಂದೆ ಅಂದ್ಕೋತಾಳೆ."

"ನೀವು ಹೆದರಬೇಡಿ ಮಿಸ್ಟರ್ ವಾಸ್, ನಾನು ನೋಡ್ಕೋತೀನಿ."

"ನಾನೆಲ್ಲಿ ಹೆದರ್ತಿದೀನಿ? ನಿನ್ನ ತುಟಿ ನಡುಗ್ತಿದೆ."

ಮೊದಲ ದಿನ ಎಲ್ಲ ಸರಿಹೋಯಿತು. ಸಂಜೆ ಕೋಟು ಹಾಕಿಕೊಂಡೇ ಲಿನೆಟ್‌ಳನ್ನು ಎತ್ತಿಕೊಂಡೆ. ಅವಳು ತೋಳಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪಿದಳು. ತುಟಿಯೆಲ್ಲ ಕಪ್ಪು. ಸೀಸ! ಶಾಲೆಯಲ್ಲಿ ವಿಜ್ಞಾನದ ಟೀಚರು ಅದು ಬರೀ ಇದ್ದಿಲಿನ ಜಾತಿ ಎಂದು ಹೇಳಿದ್ದು ನೆನಪಿತ್ತು, ಆದರೆ ನೆನಪಿದ್ದರೆ ಸಾಲದಲ್ಲ. ಕೋಟನ್ನು ಮನೆಗೆ ಒಯ್ದೆ. ಹಂಡೆಯಲ್ಲಿ ನೀರು ಕಾಯಿಸಿ, ಸೋಪಿನ ಪುಡಿ, ಸೋಡಾ ಹಾಕಿ ಕುದಿಸಿದೆ. ಮಸಿಯಂಥ ನೀರು. ಚೆಲ್ಲಿ, ಮತ್ತೆ ಕುದಿಸಿದೆ. ಮೂರನೆಯ ನೀರಿಗೆ ಕೋಟು ಕಂದು ಬಣ್ಣದ್ದೆಂದು ತಿಳಿಯಿತು. ಒಲೆಯ ಮುಂದೆ ಒಣಗಿಸಿ, ಇಸ್ತ್ರಿ ಮಾಡಿ, ಎಷ್ಟು ಹೆಮ್ಮೆ ಪಟ್ಟುಕೊಂಡೆನೆಂದರೆ ಮುದುಕರು ಬಂದು ನೋಡಿ ಏನೆನ್ನುತ್ತಾರೋ ಎಂದು ಮನಸ್ಸಿನಲ್ಲೇ ಮಾತು ಕಟ್ಟಿಕೊಂಡೆ.

ಮಾರನೆಯ ಬೆಳಗ್ಗೆ ಟಿಲ್ಡಾ ಕೋಟನ್ನು ಮೂಸಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೆ ಮೂಸಿ, ಬಕೆಟ್ಟನ್ನು ಒದ್ದಳು.

ಕೆಚ್ಚಲು ತುಂಬಿ ನಿಂತಿತ್ತು, ಆದರೆ ಹನಿ ಬರಲಿಲ್ಲ. ಸಂಜೆಯೂ ಇಲ್ಲ. ಬಾಗಿಲ ಕಡೆ ಮುಖ ಮಾಡಿ ಒಂದೇ ಸಮನೆ ಅರಚುತ್ತಿದ್ದಳು. ಅವಳು ಯಾರನ್ನು ಕರೆಯುತ್ತಿದ್ದಳೆಂದು ಕೇಳಬೇಕಾಗಿರಲಿಲ್ಲ. ಮನೆಯಲ್ಲಿ ಉಳಿದ ಹಾಲು ಮುಗಿದು, ಎರಡನೆಯ ದಿನ ಡಬ್ಬಿ ತೆಗೆದೆ. ಮೂರನೆಯ ಬೆಳಗ್ಗೆ ಲಿನೆಟ್‌ಳ ಕಿವಿಯ ಹಿಂದೆ ಕೆಂಪು ಚುಕ್ಕೆಗಳು ಕಂಡವು.

ಅರಚಾಟ ಕೇಳಿ ಪರ್ಸಿ ಟಾನ್ಸ್ಲಿ ಬಂದ. ನನ್ನ ಮೈಮೇಲಿನ ಕೋಟು ನೋಡಿ ಹ್ಯಾಟು ತೆಗೆದ.

"ಇದು ರೂಬೆನ್ನಿನದಾ? ಒಗೆದ್ಯಾ?"

"ಕುದಿಸಿದೆ" ಅಂದೆ.

"ದೇವರೇ. ಮನುಷ್ಯನ್ನೇ ಕುದಿಸಿಬಿಟ್ಟಿದೀಯಲ್ಲಮ್ಮಾ!"

"ಮಗು ಬಾಯಿಗೆ ಹಾಕ್ಕೊಂಡ್ಲು..."

"ಅಲ್ಲಿ ಡಾಕ್ಟರು ಅವನ ಹೊಟ್ಟೆ ಮಾತ್ರ ಕುಯ್ದ್ರು. ನೀನು ಪೂರಾ ಮುಗಿಸಿದೆ ನೋಡು." ನನ್ನ ಮುಖ ನೋಡಿ ದನಿ ತಗ್ಗಿಸಿದ. "ಅಳಬೇಡ ಬಾತು. ಆದ್ರೆ ಇವತ್ತೂ ನಾಳೇನೂ ಇಳಿಸ್ಲಿಲ್ಲ ಅಂದ್ರೆ ಕೆಚ್ಚಲು ಗಟ್ಟಿಯಾಗತ್ತೆ, ಜ್ವರ ಬರತ್ತೆ. ಆಮೇಲೆ ಹಾಲು ಈ ವರ್ಷಕ್ಕೆ ಮುಗೀತು. ಹೋಗಿ ಅವನಿಗೇ ಹೇಳು."

ಅವನು ಟಿಲ್ಡಾಳ ತಲೆ ಹಿಡಿದುಕೊಂಡ, ನಾನು ಕೆಚ್ಚಲಿಗೆ ಬಿಸಿ ಬಟ್ಟೆ ಒತ್ತಿ ಹಿಂಡಿದೆ. ಒಂದು ಟೀ ಕಪ್ಪಿನಷ್ಟು ಬಂತು. ಕೋಟಿಗೆ ಪೈಪಿನ ಹೊಗೆ ಬಿಟ್ಟು ನೋಡಿದ, ಈರುಳ್ಳಿ ಚೀಲದಲ್ಲಿ ಸುತ್ತಿ ನೋಡಿದೆವು. ಟಿಲ್ಡಾ ಮೂಗು ಮುರಿದಳು.

ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯಲ್ಲಿ ನೋಡುವವರನ್ನು ಬಿಡುತ್ತಿದ್ದರು. ಲಿನೆಟ್‌ಳನ್ನು ಅತ್ತೆಯ ಬಳಿ ಬಿಟ್ಟು, ಕೋಟನ್ನು ಕಾಗದದಲ್ಲಿ ಸುತ್ತಿಕೊಂಡು ಹೋದೆ. ಉದ್ದನೆಯ ವಾರ್ಡು, ಎರಡು ಸಾಲು ಬಿಳಿ ಮಂಚ, ಎತ್ತರದ ಕಿಟಕಿಗಳಿಂದ ಇಳಿಯುವ ಹಾಲಿನಂಥ ಬೆಳಕು. ಮುದುಕರನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ಕೈ, ಕತ್ತು ಎಲ್ಲ ಉಜ್ಜಿ ತೊಳೆದು ಬೆಳ್ಳಗೆ ಮಾಡಿದ್ದರು. ಅವರನ್ನೂ ಕುದಿಸಿದ್ದಾರೆ ಅನ್ನಿಸಿತು.

ಪಕ್ಕದ ಮಂಚಗಳವರಿಗೆ ಕೇಳಿಸಬಾರದೆಂದು ನಾನು ಶಬ್ದವೇ ಮಾಡದೆ ಬಾಯಾಡಿಸಿದೆ. ಟಿಲ್ಡಾ ಹಾಲು ಬಿಡ್ತಿಲ್ಲ. ನಾನು ಕೋಟು ಒಗೆದೆ. ಮಗುವಿಗೆ ಮತ್ತೆ ದದ್ದು. ಹಾಗೆ ಗಾಳಿಯಲ್ಲಿ ತುಟಿಯಷ್ಟೇ ಆಡಿಸುವ ನಡುವೆ ನನಗೆ ವಿಚಿತ್ರವಾದ ನೆಮ್ಮದಿಯಾಯಿತು, ಕನಸಿನಲ್ಲಿ ತಪ್ಪು ಒಪ್ಪಿಕೊಂಡ ಹಾಗೆ.

ಅವರು ನಗಲು ಶುರು ಮಾಡಿದರು. ಹೊಲಿಗೆಯ ಜಾಗ ಅದುಮಿ ಹಿಡಿದುಕೊಂಡರು. "ನಗಿಸಬೇಡ್ವೇ, ಹರಿದುಹೋಗತ್ತೆ!" ಆಮೇಲೆ, "ಎಲ್ಲಿ, ತೋರ್ಸು" ಅಂದರು.

ಕಾಗದ ಬಿಚ್ಚಿ ಕೋಟನ್ನು ಹೊದಿಕೆಯ ಮೇಲೆ ಹರಡಿದೆ. ಅವರ ನಗು ನಿಂತಿತು. ಎಡ ತೋಳಿನ ಮೊಣಕೈಯಲ್ಲಿ ತೇಪೆ ಹಾಕಿದ್ದು ನಾನೂ ಇಸ್ತ್ರಿ ಮಾಡುವಾಗ ನೋಡಿದ್ದೆ: ಬಿಳಿ ಲೇಸ್ ದಾರದಲ್ಲಿ ಬಲೆಯ ಹಾಗೆ ನೇಯ್ದ ಹೊಲಿಗೆ, ನಡುವೆ ಐದು ಎಸಳಿನ ಸಣ್ಣ ಹೂವು. ಅವರು ಹೆಬ್ಬೆರಳಿನಿಂದ ಆ ಹೂವನ್ನು ಸವರಿದರು.

"ಕಂದು ಕೋಟಿಗೆ ಬಿಳಿ ದಾರ ಯಾಕೆ ಹಾಕಿದೆ ಅಂತ ಬೈದಿದ್ದೆ ಏಡಾಗೆ" ಅಂದರು. "ಹದಿನೈದು ದಿನಕ್ಕೆ ಕಪ್ಪಾಯ್ತು. ಆಮೇಲೆ ಮರ್ತೇಹೋಗಿತ್ತು."

ಮುದುಕರು ಮೆಲ್ಲಗೆ ಮುಂದೆ ಬಾಗಿ, ತೋಳು ಚಾಚಿ, "ಹಾಕು" ಅಂದರು. ಪೈಜಾಮದ ಅಂಗಿಯ ಮೇಲೆ ಕೋಟು ತೊಡಿಸಿದೆ.

ದೊಡ್ಡ ನರ್ಸು ಬೂಟು ಸದ್ದು ಮಾಡುತ್ತಾ ಬಂದಳು. "ಏನಿದು? ಹೊರಗಿನ ಬಟ್ಟೆ ಹಾಸಿಗೆಗೆ ಬರಕೂಡದು. ಅದ್ರಲ್ಲೂ ತೋಟದ ಕೋಟು!"

"ಮೂರು ನೀರಲ್ಲಿ ಕುದಿಸಿದೀನಿ ಸಿಸ್ಟರ್" ಅಂದೆ. "ಸೋಡಾ ಹಾಕಿ. ಇಸ್ತ್ರಿ ಮಾಡಿ."

ಅವಳು ಕಾಲರ್ ಎತ್ತಿ ನೋಡಿದಳು, ಹೊಲಿಗೆಯ ಸಂದು ನೋಡಿದಳು. ನನ್ನ ಬದುಕಿನಲ್ಲಿ ನಾನು ಕುದಿಸಿದ ಒಂದು ವಸ್ತುವನ್ನು ಯಾರಾದರೂ ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು. "ಒಗೆಯದ ಕೋಟು ಆಗಿದ್ರೆ ಕಿಟಕಿಯಿಂದ ಎಸೀತಿದ್ದೆ" ಅಂದು ಹೋದಳು.

"ನೋಡಿದ್ಯಾ, ಒಗೆದಿದ್ದಕ್ಕೇ ಬಿಟ್ಲು" ಅಂದು ಮುದುಕರು ಕಾಲರಿನವರೆಗೂ ಗುಂಡಿ ಹಾಕಿಕೊಂಡರು. "ನಾಳೆ ಈ ಹೊತ್ತಿಗೆ ಬಾ. ಅಷ್ಟೊತ್ತಿಗೆ ಬೇಯ್ತಾ ಇರ್ತೀನಿ. ಸಂಜೆ ಅವಳನ್ನ ಬಲವಂತ ಮಾಡಬೇಡ, ಬಿಸಿ ಬಟ್ಟೆ ಒತ್ತು, ಬಂದಷ್ಟು ಬರ್ಲಿ."

ಮಾರನೆಯ ಮಧ್ಯಾಹ್ನ ಹೋದಾಗ ಅವರು ಕೋಟಿನೊಳಗೆ ನಿದ್ದೆ ಹೋಗಿದ್ದರು, ಕೆನ್ನೆ ಎಡ ಮೊಣಕೈಯ ಮೇಲೆ. ಎಬ್ಬಿಸಲು ಮನಸ್ಸಾಗಲಿಲ್ಲ, ಎಬ್ಬಿಸದೆ ವಿಧಿಯಿರಲಿಲ್ಲ. ರಾತ್ರಿಯೆಲ್ಲ ಬೆವರಿದ್ದರು. ಕೋಟು ಬೆಚ್ಚಗಿತ್ತು. ಆರದಂತೆ ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಕೂತೆ.

ಗುಡ್ಡಕ್ಕೆ ಮಂಜು ಇಳಿಯುತ್ತಿತ್ತು. ಓಣಿಯ ಬೇಲಿಗಳು ಬೂದುಬಣ್ಣದಲ್ಲಿ ಕರಗಿ, ನಾನು ಯಾವುದೋ ನೀರಿನಡಿ ನಡೆಯುತ್ತಿದ್ದೇನೆ ಅನ್ನಿಸಿತು. ಕೋಣೆಯಲ್ಲಿ ಟಿಲ್ಡಾ ಮೂಲೆಗೆ ಮುಖ ಮಾಡಿ ನಿಂತಿದ್ದಳು. ಅರಚುವುದನ್ನೂ ಬಿಟ್ಟಿದ್ದಳು. ಕೋಟು ತೊಟ್ಟು ಕೂತೆ. ಕರೆಯಲಿಲ್ಲ, ಬಕೆಟ್ಟೂ ಮುಟ್ಟಲಿಲ್ಲ. ಮನೆಯಲ್ಲಿ ಮಗು ಹಸಿದಿತ್ತು, ಗಡಿಯಾರ ನನ್ನ ತಲೆಯೊಳಗೆ ಓಡುತ್ತಿತ್ತು, ಆದರೂ ಕೂತೆ. ಬಹಳ ಹೊತ್ತಿನ ಮೇಲೆ ಬೆನ್ನಿಗೆ ಬಿಸಿ ಉಸಿರು ತಾಗಿತು. ಕಾಲರ್ ಮೂಸಿದಳು. ಕಂಕುಳು ಮೂಸಿದಳು. ಎಡ ತೋಳಿನ ಬಿಳಿ ಹೂವಿನ ಮೇಲೆ ಮೂಗಿಟ್ಟು ಹಾಗೇ ನಿಂತಳು. ಆಮೇಲೆ ಇಡೀ ಭಾರ ನನ್ನ ಭುಜದ ಮೇಲೆ ಬಿಟ್ಟಳು.

ಮೊದಲ ಧಾರೆ ತಗಡಿಗೆ ಬಿದ್ದ ಸದ್ದಿಗೆ ನಾನೇ ಬೆಚ್ಚಿದೆ.

ಆ ಸಂಜೆ ಹಾಲನ್ನು ಒಂದೇ ಸಲ ಕುದಿಸಿದೆ. ಲಿನೆಟ್ ಕುಡಿದು, ಕೋಟಿನ ಮಡಿಲಲ್ಲೇ ಮಲಗಿದಳು. ತೋಳಿನ ತುದಿ ಬಾಯಲ್ಲಿತ್ತು, ಬಿಡಿಸಲಿಲ್ಲ. ದಿನ ಬಿಟ್ಟು ದಿನ ಕೋಟು ಮಧ್ಯಾಹ್ನ ಆಸ್ಪತ್ರೆಗೆ ಹೋಯಿತು, ಸಂಜೆ ಹಾಲು ಕರೆಯುವ ಹೊತ್ತಿಗೆ ಬಂತು. ವಾರ್ಡಿನವರು "ಇವತ್ತು ಯಾರ ಪಾಳಿ, ಮೇಕೆದೋ ರೂಬೆನ್‌ದೋ?" ಎಂದು ಕೇಳುತ್ತಿದ್ದರು. ವಾರದೊಳಗೆ ದದ್ದು ಮಾಸಿತು.

ಮುದುಕರು ಬಂದ ದಿನ ಬೇಲಿಯಲ್ಲಿ ಕೆಂಪು ಕಾಯಿ ತುಂಬಿತ್ತು. ಕೋಟು ತೊಟ್ಟು, ಬೋರಲು ಬಕೆಟ್ಟಿನ ಮೇಲೆ ಮೆಲ್ಲಗೆ ಕೂತು, ಟಿಲ್ಡಾಳ ಕೆಚ್ಚಲಿಗೆ ಕೈ ಹಾಕಿದರು. ಅವಳು ಕೋಟನ್ನು ಮೂಸಿ, ಕತ್ತು ತಿರುಗಿಸಿ, ಗಾಡಿಯ ಪಕ್ಕ ನಿಂತಿದ್ದ ನನ್ನನ್ನು ನೋಡಿದಳು. ಹಾಲು ಬಿಡಲಿಲ್ಲ.

"ನೋಡಮ್ಮಾ ಇವಳ ಕೊಬ್ಬು! ಹತ್ತು ದಿನಕ್ಕೆ ನನ್ನನ್ನೇ ಮರೆತ್ಲು."

"ಕೋಟಿಗೆ ಮಗುವಿನ ಸೋಪಿನ ವಾಸನೆ ಹತ್ತಿರಬೇಕು, ಮಿಸ್ಟರ್ ವಾಸ್. ಬೇಕಾದ್ರೆ ಒಗೆದು ತರ್ಲಾ?"

"ಮುಟ್ಟಿದ್ರೆ ನೋಡು!"

ಆಮೇಲೆ ಅವರು ಸದ್ದಿಲ್ಲದೆ ಬಾಯಾಡಿಸಿದರು: ಬಾ, ನೀನು ಕರಿ, ನಾನು ಪಕ್ಕ ಕೂರ್ತೀನಿ. ಕೋಟಿನ ಬಲ ತೋಳನ್ನು ಕಳಚಿ ನನ್ನ ಹೆಗಲಿಗೆ ಹಾಕಿದರು, ಎಡದ್ದು ಅವರಲ್ಲೇ ಉಳಿಯಿತು. ಹಾಗೆ ಒಂದೇ ಕೋಟಿನಲ್ಲಿ ಇಬ್ಬರೂ ಕೂತೆವು. ಟಿಲ್ಡಾ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ಮೂಸಿ ಕಣ್ಣು ಅರೆ ಮುಚ್ಚಿದಳು. ನನ್ನ ಬೆರಳುಗಳ ನಡುವೆ ಹಾಲು ಇಳಿಯಿತು. ಮುದುಕರು ಬಗ್ಗಿ ಅಂಗೈಯನ್ನು ಬಕೆಟ್ಟಿನ ತಗಡಿಗೆ ಒತ್ತಿ ಹಿಡಿದರು, ಅದು ತುಂಬುವವರೆಗೂ ತೆಗೆಯಲಿಲ್ಲ.